ಬುಲ್‌ಪೆನ್ನಿನ ಫೋನು

ಹಿಂದಿನ ವರ್ಷ ನಾವು ಗೆದ್ದಾಗಿದ್ದ ಇಪ್ಪತ್ತೆರಡು ಪಂದ್ಯಗಳನ್ನು ಸೋತೆವು. ಹಾಗೆ ಹೇಳುವುದೇ ಸರಿ. ಬೇಸ್‌ಬಾಲ್ ಆಟಕ್ಕೆ ಒಂಬತ್ತು ಇನಿಂಗ್ಸ್; ಏಳನೆಯದು ಮುಗಿಯುವಾಗ ನಾವೇ ಮುಂದಿರುತ್ತಿದ್ದೆವು. ಜನ ಕಾರಿನ ಕೀಲಿಗೆ ಜೇಬು ತಡಕುತ್ತಿದ್ದರು. ಆಮೇಲೆ ಎಂಟು, ಒಂಬತ್ತನೇ ಇನಿಂಗ್ಸ್‌ಗಳಲ್ಲಿ ಎಲ್ಲವೂ ಒಡಕು ಮಡಕೆಯ ನೀರಿನಂತೆ ಸೋರಿಹೋಗುತ್ತಿತ್ತು. ಚೆಂಡೆಸೆದು ಆಟ ಶುರುಮಾಡಿದ ಪಿಚರ್ ದಣಿದ ಮೇಲೆ ಬಂದು ಉಳಿದ ಔಟುಗಳನ್ನು ಕೀಳಬೇಕಾದವರು ಬುಲ್‌ಪೆನ್ನಿನ ಪಿಚರ್‌ಗಳು, ಅಂದರೆ ನನ್ನವರು. ಮೈದಾನದ ಎಡಬೇಲಿಯ ಆಚೆ ಒಂದು ಉದ್ದ ಬೆಂಚು, ಎಸೆದು ಮೈ ಬಿಸಿ ಮಾಡಿಕೊಳ್ಳಲು ಎರಡು ಮಣ್ಣಿನ ದಿಬ್ಬ, ಗೋಡೆಯ ಮೇಲೊಂದು ಫೋನು. ಇಷ್ಟು ನನ್ನ ರಾಜ್ಯ. ಮಾರ್ಲೋ ಫೆರಿಮೆನ್ ತಂಡಕ್ಕೆ ನಾನು ಹದಿನಾಲ್ಕು ವರ್ಷದಿಂದ ಬುಲ್‌ಪೆನ್ ಕೋಚ್. ಚಳಿಗಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತೇನೆ.

ನಮ್ಮದು ದೊಡ್ಡ ಲೀಗಲ್ಲ. ದೊಡ್ಡ ಕ್ಲಬ್ಬುಗಳು ಸಾಕೆಂದು ಬಿಟ್ಟವರು, ಇನ್ನೂ ಅವರ ಕಣ್ಣಿಗೆ ಬೀಳದವರು, ಇಂಥವರೇ ಸೇರಿ ಆಡುವ ಲೀಗು. ತಂಡ ಕಟ್ಟುವವಳು ಥೆಲ್ಮಾ ಓಸ್ಟ್ರಾಂಡರ್. ಅರವತ್ತು ದಾಟಿದ ಹೆಂಗಸು, ಜನರಲ್ ಮ್ಯಾನೇಜರ್. ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಬಸ್ಸಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಡಿಪೋಗೇ ಬಂದಳು.

"ಬೂನ್‌ನ ಕೊಟ್ಬಿಟ್ಟೆ," ಅಂದಳು.

ನನ್ನ ಕೈ ಅಲ್ಲೇ ನಿಂತಿತು. ಟೆರೆಲ್ ಬೂನ್ ನಮ್ಮ ಊರಿನಲ್ಲೇ ಹುಟ್ಟಿ ಬೆಳೆದ ಹುಡುಗ. ಹಿಂದಿನ ವರ್ಷ ಮೂವತ್ತೊಂದು ಸಲ ಚೆಂಡನ್ನು ಬೇಲಿಯಾಚೆ ಬಾರಿಸಿ ಹೋಮ್ ರನ್ ಹೊಡೆದವನು. ಅಂಗಡಿಗಳ ಕಿಟಕಿಗಳಲ್ಲಿ ಅವನ ಫೋಟೋ ಇತ್ತು.

"ಯಾರಿಗೆ ಕೊಟ್ರಿ? ಯಾಕೆ?"

"ಪೆನ್ಸಿಲ್ವೇನಿಯಾದವರಿಗೆ. ಅವರು ಎಮೆಟ್ ಡೂಲಿ ಅನ್ನೋ ಪಿಚರ್‌ನ ಕಳಿಸ್ತಾರೆ. ಜೊತೆಗೆ ಹೊಸ ಹುಡುಗರಿಬ್ಬರನ್ನ ಬರೋಕೆ ಹೇಳಿದೀನಿ. ಈ ಸಲ ನಿನ್ನ ಬೆಂಚು ಭರ್ತಿ ಮಾಡ್ತೀನಿ ಹ್ಯಾಸ್ಕೆಟ್. ಮೂವತ್ತು ಹೋಮ್ ರನ್ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕೋದಾ, ಕೊನೇಲಿ ಬಾಗಿಲು ಹಾಕೋರೇ ಇಲ್ದಿದ್ರೆ?"

"ಜನ ನಿಮ್ಮನ್ನ ಹರಿದು ತಿಂತಾರೆ."

"ತಿನ್ನಲಿ. ಗೆದ್ದರೆ ಉಗುಳ್ತಾರೆ."

ಮೇ ತಿಂಗಳಲ್ಲಿ ಎಮೆಟ್ ಬಂದ. ಮೂವತ್ಮೂರು ವರ್ಷ, ಮಾತು ಕಡಿಮೆ, ಬಲಗೈ ಪಿಚರ್. ಅವನ ಚೆಂಡಿಗೆ ಮಹಾ ವೇಗವೇನೂ ಇರಲಿಲ್ಲ. ಆದರೆ ಬ್ಯಾಟಿನ ಹತ್ತಿರ ಬಂದಾಗ ಯಾರೋ ದಾರ ಕಟ್ಟಿ ಎಳೆದ ಹಾಗೆ ಪಕ್ಕಕ್ಕೆ ಜಾರಿಬಿಡುತ್ತಿತ್ತು. ಮೊದಲ ತಿಂಗಳು ಅವನು ಕೈಗೆ ತೆಗೆದುಕೊಂಡ ಒಂಬತ್ತು ಪಂದ್ಯಗಳಲ್ಲಿ ಒಂಬತ್ತನ್ನೂ ಉಳಿಸಿಕೊಟ್ಟ.

ಹುಡುಗರಲ್ಲಿ ಒಬ್ಬನನ್ನು ಹದಿನೈದೇ ದಿನದಲ್ಲಿ ಮನೆಗೆ ಕಳಿಸಿದೆವು. ಇನ್ನೊಬ್ಬ ಆನ್ಸೆಲ್ಮೊ. ಡೊಮಿನಿಕನ್ ಗಣರಾಜ್ಯದವನು, ಇಪ್ಪತ್ತು ವರ್ಷ, ಬಿದಿರಿನ ಹಾಗೆ ಉದ್ದ. ಅವನು ಎಸೆದ ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಿದ್ದರೆ ಬೇಲಿಯಾಚೆ ನೆಲಗಡಲೆ ಮಾರುವವನೂ ತಿರುಗಿ ನೋಡುತ್ತಿದ್ದ. ಆದರೆ ಚೆಂಡು ಎಲ್ಲಿ ಹೋಗುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಮೊದಲ ಸಲ ಕಣಕ್ಕಿಳಿದಾಗ ಒಬ್ಬರ ಹಿಂದೊಬ್ಬರಂತೆ ನಾಲ್ಕು ಜನರಿಗೆ ಗುರಿ ತಪ್ಪಿ ಎಸೆದು, ಬ್ಯಾಟು ಬೀಸುವ ಶ್ರಮವೂ ಇಲ್ಲದೆ ಅವರನ್ನು ರನ್ನಿನ ಮೊದಲ ಮೆಟ್ಟಿಲಾದ ಮೊದಲ ಬೇಸ್‌ಗೆ ಕಳಿಸಿಕೊಟ್ಟ.

ಮೈದಾನದಲ್ಲಿ ತಂಡ ನಡೆಸುವವನು ಬಾಯ್ಡ್ ಕ್ಯಾರಿಗನ್, ನಮ್ಮ ಮ್ಯಾನೇಜರ್. ಥೆಲ್ಮಾ ಆಟಗಾರರನ್ನು ತರುವವಳು, ಯಾರನ್ನು ಯಾವಾಗ ಇಳಿಸಬೇಕೆಂದು ಹೇಳುವವನು ಅವನು. ಅಂದು ಆನ್ಸೆಲ್ಮೊನನ್ನು ಹೊರಕ್ಕೆ ಕರೆದವನು ಮತ್ತೆ ಎರಡು ತಿಂಗಳು ಅವನ ಹೆಸರೆತ್ತಲಿಲ್ಲ. ಪ್ರತಿದಿನ ಎಂಟನೇ ಇನಿಂಗ್ಸ್‌ಗೆ ಫೋನು ಬಡಿದುಕೊಳ್ಳುತ್ತಿತ್ತು.

"ಎಮೆಟ್‌ನ ಎಬ್ಬಿಸು."

"ಬಾಯ್ಡ್, ನಾವು ಐದು ರನ್ ಮುಂದಿದೀವಿ. ಹುಡುಗನ್ನ ಕಳಿಸ್ತೀನಿ."

"ನಾನು ಕೇಳಿದ್ದು ಎಮೆಟ್‌ನ."

ಫೋನು ಇಡುವ ಸದ್ದು. ಅಷ್ಟೇ ಮಾತುಕತೆ.

ನಾನು ಸುಮ್ಮನೆ ಕೂರಲಿಲ್ಲ. ದಿನಾ ಮಧ್ಯಾಹ್ನ ಬಿಸಿಲಲ್ಲಿ ಆನ್ಸೆಲ್ಮೊನನ್ನು ದಿಬ್ಬದ ಮೇಲೆ ನಿಲ್ಲಿಸಿದೆ. ತೊಂದರೆ ಅವನ ಕೈಯಲ್ಲಿರಲಿಲ್ಲ, ಕಾಲಿನಲ್ಲಿತ್ತು. ಎಸೆಯುವಾಗ ಮುಂಗಾಲು ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ ಬೀಳುತ್ತಿತ್ತು. ಮಣ್ಣಿನಲ್ಲಿ ಗೆರೆ ಎಳೆದು, "ಇಲ್ಲಿ ಬೀಳ್ಬೇಕು ನಿನ್ನ ಪಾದ. ಚೆಂಡು ಚಂದ್ರಲೋಕಕ್ಕೆ ಹೋದ್ರೂ ಪರವಾಗಿಲ್ಲ, ಪಾದ ಮಾತ್ರ ಇಲ್ಲೇ," ಅಂದೆ. ಮೂರು ವಾರ ಪಾದವೊಂದನ್ನೇ ನೋಡಿದೆವು. ಜೂನ್ ಕೊನೆಯ ಹೊತ್ತಿಗೆ ಹತ್ತರಲ್ಲಿ ಎಂಟು ಚೆಂಡು ಕ್ಯಾಚರ್ ಗ್ಲೌಸು ತೋರಿಸಿದ ಕಡೆಗೇ ಹೋಗತೊಡಗಿದವು.

"ಕೋಚ್, ಬಾಯ್ಡ್‌ಗೆ ಹೇಳಿದ್ರಾ?" ಎಂದು ಹುಡುಗ ದಿನಾ ಕೇಳುತ್ತಿದ್ದ.

ಹೇಳಿದೆ. ಬಾಯ್ಡ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿದ. "ಬುಲ್‌ಪೆನ್ನಲ್ಲಿ ಎಲ್ಲರೂ ಹುಲಿಗಳೇ ಕಣಯ್ಯ. ಬ್ಯಾಟು ಹಿಡ್ಕೊಂಡೋನು ಎದುರಿಗಿದ್ದಾಗ ಇಲಿ ಆಗೋದು."

"ಇಳಿಸದೇ ಹುಲಿಯೋ ಇಲಿಯೋ ಹೇಗೆ ಗೊತ್ತಾಗುತ್ತೆ?"

"ಈ ವರ್ಷ ಪ್ಲೇಆಫ್‌ಗೆ ಹೋಗ್ದಿದ್ರೆ ನನ್ನ ಕೆಲಸ ಹೋಗುತ್ತೆ. ನಿನ್ನ ಹುಡುಗನಿಗೆ ಪಾಠಶಾಲೆ ನಡೆಸೋಕೆ ನನಗೆ ಪುರುಸೊತ್ತಿಲ್ಲ."

ಅತ್ತ ಥೆಲ್ಮಾಳ ಪಾಡು ನನ್ನದಕ್ಕಿಂತ ಕಡೆ. ಎಮೆಟ್‌ನ ಭಾರ ಇಳಿಸಲೆಂದು ಜುಲೈನಲ್ಲಿ ನಮ್ಮ ಎರಡನೇ ಬೇಸ್ ಕಾಯುವ ಆಟಗಾರನನ್ನು ಕೊಟ್ಟು ಇಂಡಿಯಾನಾದಿಂದ ಕ್ರೀಡ್ ಎಂಬ ಎಡಗೈ ಪಿಚರ್‌ನನ್ನು ತಂದಳು. ಒಳ್ಳೆಯ ಪಿಚರ್. ಬಾಯ್ಡ್‌ಗೂ ಹಿಡಿಸಿದ. ಒಂಬತ್ತನೇ ದಿನ ದೊಡ್ಡ ಕ್ಲಬ್ಬೊಂದು ಫೋನು ಮಾಡಿ ಅವನನ್ನು ಕರೆಸಿಕೊಂಡಿತು. ನಮ್ಮ ಲೀಗಿನಲ್ಲಿ ಅದಕ್ಕೆ ಅಡ್ಡ ಬರುವಂತಿಲ್ಲ. ಯಾರನ್ನು ನೆಚ್ಚಿಕೊಳ್ಳಬಹುದೋ ಅವನೇ ಮೊದಲು ಹೋಗುವವನು. ಎರಡನೇ ಬೇಸಿನವನೂ ಇಲ್ಲ, ಕ್ರೀಡ್ ಕೂಡ ಇಲ್ಲ.

ಮರುವಾರ ಟೆರೆಲ್ ಬೂನ್ ಪೆನ್ಸಿಲ್ವೇನಿಯಾದ ಅಂಗಿ ಹಾಕಿಕೊಂಡು ನಮ್ಮೂರಿಗೆ ಬಂದು ಎರಡು ಹೋಮ್ ರನ್ ಬಾರಿಸಿದ. ಎರಡನೆಯದು ನನ್ನ ಬೆಂಚಿನ ಪಕ್ಕದಲ್ಲೇ ಬಿತ್ತು. ನಮ್ಮ ಜನರೇ ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟಿದರು. ಯಾರೋ ಥೆಲ್ಮಾ ಕೂತಿದ್ದ ಕಡೆ ತಿರುಗಿ ಕೂಗಿದ: "ಥೆಲ್ಮಾ ಅಜ್ಜೀ, ನಿಮ್ಮ ಕನ್ನಡಕನೂ ಮಾರಿಬಿಟ್ರಾ?"

ಆಟ ಮುಗಿದ ಮೇಲೆ ಅವಳ ಕೋಣೆಗೆ ಹೋದೆ. ಗೋಡೆಯ ಹಲಗೆಯಲ್ಲಿ ಪಿಚರ್‌ಗಳ ಹೆಸರಿನ ಚೀಟಿಗಳಿದ್ದವು. ಕ್ರೀಡ್‌ನ ಚೀಟಿ ಕಿತ್ತು ಮುದುರಿ, ಕಸದ ಬುಟ್ಟಿಗೆ ಎಸೆದಳು. ಅದು ಬುಟ್ಟಿಗೂ ಬೀಳಲಿಲ್ಲ.

"ಕೂಡಿಸಿದ್ದೆಲ್ಲ ಒಂದು ಕಡೆಯಿಂದ ಬಿಚ್ಕೊಳ್ತಾ ಬರುತ್ತೆ," ಅಂದಳು. "ಆ ಹುಡುಗ ಏನಾದ?"

"ತಯಾರಿದಾನೆ. ಬಾಯ್ಡ್ ಇಳಿಸಲ್ಲ."

"ನಾನು ಹೇಳಿದ್ರೆ ನನ್ನ ಆಟದಲ್ಲಿ ಮೂಗು ತೂರಿಸ್ಬೇಡಿ ಅಂತಾನೆ. ಅಡುಗೆ ಸಾಮಾನು ತರೋಳು ನಾನು. ಒಲೆ ಅವನದು. ದಿನಾ ಒಂದೇ ಪಾತ್ರೆ ಸುಡ್ತಾನೆ."

ಆ ಪಾತ್ರೆ ಸುಡುತ್ತಿದ್ದುದು ನನಗೆ ಆಗಸ್ಟ್ ಮೊದಲ ವಾರ ಕಣ್ಣಿಗೆ ಬಿತ್ತು. ಎಮೆಟ್ ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದ. ಎಸೆದು ಬಂದ ಮೇಲೆ ಬೆರಳುಗಳನ್ನು ನೀರು ಕೊಡವುವಂತೆ ಕೊಡವುತ್ತಿದ್ದ. ಶನಿವಾರ, ಸತತ ಮೂರನೇ ದಿನ ಎಸೆದು ಬಂದವನ ಬೂಟಿನ ದಾರ ಬಿಚ್ಚಿತ್ತು. ಕಟ್ಟಲು ಬಗ್ಗಿದ. ಬಲಗೈ ಬೆರಳು ದಾರ ಹಿಡಿಯಲಿಲ್ಲ. ನಾನು ನೋಡುತ್ತಿದ್ದೇನೆಂದು ತಿಳಿದು ಹಾಗೇ ನೆಟ್ಟಗೆ ಕೂತ.

"ಮೊಣಕೈಯಾ?" ಎಂದೆ.

"ಸ್ವಲ್ಪ ಜೋಮು."

"ಡಾಕ್ಟರ್‌ಗೆ ತೋರಿಸೋಣ. ಬಾಯ್ಡ್‌ಗೆ ಹೇಳ್ತೀನಿ."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಕೋಚ್, ಬೇಡ. ನಾಳೆ ದೊಡ್ಡ ಕ್ಲಬ್ಬಿನೋರೊಬ್ರು ನೋಡೋಕೆ ಬರ್ತಿದಾರೆ. ಹನ್ನೊಂದು ವರ್ಷ ಆಯ್ತು, ಒಂದು ದಿನಾನೂ ಮೇಲೆ, ದೊಡ್ಡ ಲೀಗಿಗೆ ಹೋಗಿಲ್ಲ ನಾನು. ಒಂದೇ ಒಂದು ದಿನ. ಮುಂದಿನ ವರ್ಷ ಯಾರೂ ನನ್ನ ಹೆಸರು ಕೇಳಲ್ಲ. ನಾಳೆ ಒಂದು ಕಳೀಲಿ, ಆಮೇಲೆ ನೀವು ಹೇಳಿದ ಡಾಕ್ಟರ್ ಹತ್ರ ಬರ್ತೀನಿ."

ನಾನೂ ಪಿಚರ್ ಆಗಿದ್ದವನು. ಮೇಲೆ ಹೋಗದೆ ಉಳಿದವನು. ಅವನು ಕೇಳಿದ್ದು ನನಗೆ ಬೇಕಾದ್ದಕ್ಕಿಂತ ಚೆನ್ನಾಗಿ ಅರ್ಥವಾಯಿತು. ಅದೇ ತಪ್ಪಾಯಿತು. ಆಗಲಿ ಅಂದೆ.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಆಟ. ಎಂಟನೇ ಇನಿಂಗ್ಸ್ ಮುಗಿದಾಗ ನಾವು ಒಂದು ರನ್ ಮುಂದೆ. ಬಿಸಿಲಿಗೆ ಫೋನು ಕಾದ ಕಾವಲಿಯಂತಿತ್ತು. ಬಡಿದುಕೊಂಡಿತು.

"ಎಮೆಟ್ ರೆಡಿನಾ?"

ನಾನು ತಿರುಗಿ ನೋಡಿದೆ. ಎಮೆಟ್ ದಿಬ್ಬದ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ. ಬೆಂಚಿನ ತುದಿಯಲ್ಲಿ ಆನ್ಸೆಲ್ಮೊ ಆಗಲೇ ಗ್ಲೌಸು ತೊಟ್ಟಿದ್ದ. ಯಾರೂ ಹೇಳದಿದ್ದರೂ ಅವನು ಪ್ರತಿದಿನ ತೊಡುತ್ತಿದ್ದ. ಆ ಗಳಿಗೆಯಲ್ಲಿ "ಎಮೆಟ್ ಬೇಡ, ಕೈ ನೋವಿದೆ" ಎಂಬ ನಾಲ್ಕು ಮಾತು ಸಾಕಿತ್ತು.

"ರೆಡಿ," ಅಂದೆ.

ಮೈದಾನಕ್ಕಿಳಿದವನ ಮೊದಲ ಚೆಂಡು ಸರಿ ಹೋಯಿತು. ಎರಡನೆಯದು ನೆಲಕ್ಕೆ ಬಡಿಯಿತು. ಮೂರನೆಯದು ಎಲ್ಲಿ ಹೋಯಿತೆಂದು ನಾನು ನೋಡಲಿಲ್ಲ. ಎಮೆಟ್ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಮೊಣಕಾಲೂರಿ ಕುಸಿದಿದ್ದ. ಹಿಂದಿನಿಂದ ನೋಡಿದರೆ ಪ್ರಾರ್ಥನೆಗೆ ಕೂತವನ ಹಾಗಿದ್ದ. ಫೋನು ಮತ್ತೆ ಬಡಿದುಕೊಂಡಿತು.

"ಯಾರಿದಾರೆ? ಬೇಗ ಹೇಳು, ಯಾರಿದಾರೆ?" ಬಾಯ್ಡ್ ಕೂಗಿದ.

"ನಾನು ಎರಡು ತಿಂಗಳಿಂದ ಹೇಳ್ತಿರೋನೇ ಇದಾನೆ!" ಎಂದು ಕಿರುಚಿ ಫೋನು ಕುಕ್ಕಿದೆ. ಸಿಟ್ಟು ಬಾಯ್ಡ್‌ನ ಮೇಲೆ ಅಂದುಕೊಂಡಿದ್ದೆ.

ಆನ್ಸೆಲ್ಮೊ ಬೇಲಿಯ ಬಾಗಿಲು ದಾಟಿ ಓಡಿದ. ಮೊದಲನೆಯವನಿಗೆ ಗುರಿ ತಪ್ಪಿ ಎಸೆದು ಪುಕ್ಕಟೆ ಮೊದಲ ಬೇಸ್‌ಗೆ ಕಳಿಸಿದ. ಜನ ನರಳಿದರು. ಅವನು ಬಗ್ಗಿ ಮಣ್ಣು ನೋಡಿದ, ಬೂಟಿನ ತುದಿಯಿಂದ ಒಂದು ಗೆರೆ ಎಳೆದ. ಆಮೇಲೆ ಮೂರು ಜನ ಬ್ಯಾಟು ಬೀಸಿದರು, ಮೂವರಿಗೂ ಚೆಂಡು ಸಿಗಲಿಲ್ಲ, ಮೂರೂ ಔಟು. ಗೆದ್ದೆವು. ಹುಡುಗರೆಲ್ಲ ಅವನ ಮೇಲೆ ಬಿದ್ದು ನೀರು ಸುರಿದರು. ನಾನು ಬೆಂಚಿನಿಂದ ಏಳಲಿಲ್ಲ.

ಥೆಲ್ಮಾ ಮೈದಾನ ಸುತ್ತಿ ಬುಲ್‌ಪೆನ್ನಿಗೆ ಬಂದಳು. ಆಂಬುಲೆನ್ಸ್ ಆಗಲೇ ಹೋಗಿತ್ತು.

"ಮೊಣಕೈಯ ಲಿಗಮೆಂಟು ಪೂರ್ತಿ ಹರಿದಿದೆ ಅಂತೆ. ಆ ಕ್ಲಬ್ಬಿನೋನು ಬರ್ದುಕೊಳ್ತಿದ್ದ ಪುಸ್ತಕ ಮುಚ್ಚಿ ಎದ್ದುಹೋದ," ಅಂದಳು. ನನ್ನತ್ತ ತಿರುಗಿ, "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಬಾಯ್ಡ್ ಕುರುಡ ಅಂತ ನಾನು ಊರೆಲ್ಲ ಬೈಕೊಂಡು ತಿರುಗಿದೆ. ಕಣ್ಣಿದ್ದೋನು ಇಲ್ಲಿ ಕೂತು ಬಾಯಿ ಮುಚ್ಕೊಂಡಿದ್ದ," ಅಂದಳು. "ಎದ್ದೇಳು. ಬಾಯ್ಡ್ ಎದುರಿಗೇ ಬಂದು ಹೇಳು."

ಹೋದೆ, ಹೇಳಿದೆ. ಬಾಯ್ಡ್ ಟೋಪಿ ತೆಗೆದು ಮುಖ ಮುಚ್ಚಿಕೊಂಡ. "ನೀನು ಹೇಳಿದ್ರೆ ನಾನು ಕಳಿಸ್ತಿರಲಿಲ್ಲ," ಅಂದ. ಮತ್ತೆ ತಾನೇ, "ಏನೋ, ಕಳಿಸ್ತಿದ್ನೇನೋ," ಅಂದ. ಥೆಲ್ಮಾ ಅಲ್ಲೇ ನಿಂತು ಕಟ್ಟು ಮಾಡಿದಳು: ಇನ್ನು ಯಾರೂ ಸತತ ಮೂರನೇ ದಿನ ಎಸೆಯುವಂತಿಲ್ಲ, ಯಾರು ತಯಾರು, ಯಾರು ಅಲ್ಲ ಎಂಬುದರಲ್ಲಿ ಕೊನೆಯ ಮಾತು ನನ್ನದು. ನನಗೆ ಆ ಅಧಿಕಾರ ಸಿಕ್ಕಿದ್ದು ಅದಕ್ಕೆ ಯೋಗ್ಯನಲ್ಲವೆಂದು ತೋರಿಸಿಕೊಟ್ಟ ದಿನ.

ಉಳಿದ ಐದು ವಾರದಲ್ಲಿ ಆನ್ಸೆಲ್ಮೊ ಹನ್ನೆರಡು ಪಂದ್ಯ ಕೈಗೆ ತೆಗೆದುಕೊಂಡು ಹತ್ತನ್ನು ಉಳಿಸಿದ. ಒಂದೇ ಪಂದ್ಯದಿಂದ ನಮಗೆ ಪ್ಲೇಆಫ್ ತಪ್ಪಿತು. ಜುಲೈ ತಿಂಗಳಲ್ಲಿ ಎಮೆಟ್ ದಣಿದು ಕೈಚೆಲ್ಲಿದ ಎರಡು ಪಂದ್ಯಗಳಲ್ಲಿ ಹುಡುಗನನ್ನು ಇಳಿಸಿದ್ದರೆ ಎಂಬ ಲೆಕ್ಕವನ್ನು ಊರಿನ ಕ್ಷೌರದಂಗಡಿಯಲ್ಲಿ ಎಲ್ಲರೂ ಹಾಕಿದರು. ಬಾಯ್ಡ್‌ನ ಕೆಲಸ ಹೋಯಿತು. ಋತು ಮುಗಿದ ಮರುದಿನವೇ ಒಂದು ದೊಡ್ಡ ಕ್ಲಬ್ಬು ಆನ್ಸೆಲ್ಮೊನನ್ನು ಕೊಂಡುಕೊಂಡಿತು. ಹೊರಡುವಾಗ ಹುಡುಗ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, "ಪಾದ ಇಲ್ಲೇ, ಕೋಚ್," ಅಂದ. ಥೆಲ್ಮಾಳ ಹಲಗೆಯಲ್ಲಿ ನನ್ನ ಬೆಂಚಿನ ಒಂದು ಚೀಟಿಯೂ ಉಳಿಯಲಿಲ್ಲ.

ಅಕ್ಟೋಬರ್‌ನಲ್ಲಿ ಪೆನ್ಸಿಲ್ವೇನಿಯಾಕ್ಕೆ ಎಮೆಟ್‌ನ ಮನೆಗೆ ಹೋದೆ. ಬಾಗಿಲು ತೆರೆದವನು ಒಳಗೆ ಕರೆಯಲಿಲ್ಲ. ಜಗಲಿಯ ಮೆಟ್ಟಿಲ ಮೇಲೇ ಇಬ್ಬರೂ ಕೂತೆವು. ಶಸ್ತ್ರಚಿಕಿತ್ಸೆಯಾದ ಕೈ ಪಟ್ಟಿಯಲ್ಲಿ ತೂಗುತ್ತಿತ್ತು. ಇನ್ನು ಎಸೆಯುವುದಿಲ್ಲವೆಂದು ಡಾಕ್ಟರು ಹೇಳುವ ಮೊದಲೇ ಅವನಿಗೆ ಗೊತ್ತಾಗಿತ್ತಂತೆ.

"ತಪ್ಪು ನನ್ನದು," ಅಂದೆ.

"ಹೇಳ್ಬೇಡಿ ಅಂದೋನು ನಾನು."

"ಫೋನು ನನ್ನ ಕೈಯಲ್ಲಿತ್ತು."

ಅವನು ಇಲ್ಲವೆನ್ನಲಿಲ್ಲ. "ನೀವು ಹೇಳಿದ್ರೆ ನಿಮ್ಮ ಮೇಲೆ ಒಂದು ತಿಂಗಳು ಸಿಟ್ಟಾಗ್ತಿದ್ದೆ ಕೋಚ್. ಅಷ್ಟೇ. ಒಂದು ತಿಂಗಳು," ಅಂದ.

ನಾನು ಏಳಲು ಹೊರಟಾಗ ಅವನೇ ಕೇಳಿದ, "ಆ ಹುಡುಗ ಎಲ್ಲಿದಾನೆ?"

"ಟೆಕ್ಸಸ್‌ನಲ್ಲಿ. ದಿನಾ ಎಸೀತಿದಾನಂತೆ."

"ದಿನಾನಾ?" ಎಮೆಟ್‌ನ ಹುಬ್ಬು ಗಂಟಿಕ್ಕಿತು. "ಅವನ ಕೈ ನೋಡ್ಕೊಳ್ಳೋರು ಅಲ್ಲಿ ಯಾರಾದ್ರೂ ಇದಾರಾ?"

ನನಗೆ ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.