ಮಲಗಲಿ ಬಿಡು

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ರಾಜೇಂದ್ರ ಅದನ್ನು ಬಿಸಾಕಿ ಎದ್ದ. ಟೀ ಅಂಗಡಿಯ ಚಿನ್ನಸ್ವಾಮಿ ಹಾರ ಹಿಡಿದು ಬಾಗಿಲಿಗೆ ಬಂದಿದ್ದ.

"ಯಾವ ಮುಖ ಇಟ್ಕೊಂಡ್ ಬಂದ್ಯಲಾ? ನಿನ್ ಅಂಗಡಿ ಜಗಲಿ ಮೇಲೇ ನಮ್ ಭಾವ ಪ್ರಾಣ ಬಿಟ್ಟಿದ್ದು. ಬಸ್ ಕಾಯೋರೆಲ್ಲ ನೋಡ್ಕೊಂಡ್ ನಿಂತಿದ್ರಂತೆ. ಒಬ್ರಿಗಾದ್ರೂ ಮುಟ್ಟಿ ನೋಡಕ್ಕಾಗ್ಲಿಲ್ವಾ?"

"ನಿದ್ದೆ ಅಂದ್ಕೊಂಡೆ ಗುರು," ಚಿನ್ನಸ್ವಾಮಿ ಅಳುತ್ತಿದ್ದ. "ನೊಣ ಕೂರ್ತಿದ್ವು ಅಂತ ನಾನೇ ಟವಲ್ ಹೊದ್ದಿಸ್ದೆ. ಬಿಸಿಲು ಬಿದ್ರೂ ಏಳ್ಲಿಲ್ಲ, ಆಗ ಮುಟ್ಟಿ ನೋಡ್ದೆ."

ಹೆಣದ ತಲೆಯ ಬಳಿ ಕೂತಿದ್ದ ಅಕ್ಕಯ್ಯಮ್ಮ ತಮ್ಮನ ಕೂಗಾಟದ ನಡುವೆಯೂ ನೊಣ ಓಡಿಸುತ್ತಿದ್ದಳು. ಅವಳ ಗಂಡ ನರಸಿಂಹಯ್ಯ ಆಯಸ್ಸೆಲ್ಲ ರಾತ್ರಿ ಪಾಳಿಯಲ್ಲಿ ಸೀರೆ ನೇಯ್ದವನು. ಹಗಲು ಮನೆಯೊಳಗೆ ಮಗ್ಗದ ಸದ್ದು, ಪಾಪ, ಕಣ್ಣು ಮುಚ್ಚಬೇಕೆಂದರೆ ಆ ಜಗಲಿಯೇ ಗತಿ. ಅಲ್ಲಿ ಆಡುವ ಮಕ್ಕಳನ್ನು ಅವಳೇ ಗದರಿ ಓಡಿಸುತ್ತಿದ್ದಳು.

*

ನಿನ್ನೆ ಬೆಳಿಗ್ಗೆ ಅವಳು ಹಾಲು ತರಲು ಹೋಗಿದ್ದಳು. ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಬಸ್ಸಿಗೆ ಕಾದಿದ್ದವರೆಲ್ಲ ಫೋನು ನೋಡುತ್ತಿದ್ದರು. ಹುಡುಗಿಯೊಬ್ಬಳು ಮಾತ್ರ ಜಗಲಿಯತ್ತ ಬಗ್ಗಿದ್ದಳು.

"ಅಮ್ಮಾ, ಇವ್ರು ಯಾಕೋ ಉಸಿರಿಗೆ ಒದ್ದಾಡ್ತಿರೋ ಹಂಗಿದೆ. ಎಬ್ಬಿಸ್ಲಾ?"

"ಗೊರಕೆ ಕಣೇ ಅದು. ನನ್ ಗಂಡ. ರಾತ್ರಿಯೆಲ್ಲ ದುಡ್ದವ್ರೆ, ಮಲಗ್ಲಿ ಬಿಡು."

ಹುಡುಗಿ ನಾಚಿಕೊಂಡು ಹಿಂದೆ ಸರಿದಳು. ಬಸ್ಸು ಬಂತು.

*

ಅದೇ ಹುಡುಗಿ, ಹರ್ಷಿತ, ಈಗ ಚಿನ್ನಸ್ವಾಮಿಯ ಹಿಂದೆ ನಿಂತಿದ್ದಳು.

"ನಾನು ನೋಡ್ದೆ ಅಣ್ಣಾ. ಉಸಿರು ಸರಿಯಿರ್ಲಿಲ್ಲ. ಆದ್ರೂ ಬಸ್ ಹತ್ಬಿಟ್ಟೆ."

"ಗೊತ್ತಿದ್ದೂ ಹೋದ್ಯಾ? ನಿಮ್ಮಪ್ಪ ಆಗಿದ್ರೆ ಬಿಟ್ ಹೋಗ್ತಿದ್ಯಾ?" ರಾಜೇಂದ್ರ ಮೇಲೇರಿ ಬಂದ.

ಹುಡುಗಿ ಒಮ್ಮೆ ಅಕ್ಕಯ್ಯಮ್ಮನ ಮುಖ ನೋಡಿ ತಲೆ ತಗ್ಗಿಸಿದಳು. ಮುಂದಿನದನ್ನು ಹೇಳಲಿಲ್ಲ. ಅಕ್ಕಯ್ಯಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಎದ್ದು ಬಂದು ತಮ್ಮನ ಕೈ ಹಿಡಿದೆಳೆದಳು.

"ಬಿಡೋ ಅವಳ್ನ! ಎಬ್ಬಿಸ್ತೀನಿ ಅಂದ್ಲು ಕಣೋ. ನಾನೇ ಬೇಡ ಅಂದೆ. ಅಯ್ಯೋ, ನಾನೇ ಕಣೋ..."

ಸಾವಿಗೆಂದು ಮಗ್ಗ ನಿಲ್ಲಿಸಿದ್ದ ಬೀದಿಯಲ್ಲಿ ಮೇಲೆ ಹೋಗುವ ವಿಮಾನದ ಸದ್ದೂ ಕೇಳಿಸಿತು. ಹೊತ್ತು ಮೀರುತ್ತಿದೆ ಎಂದು ಯಾರೋ ಹಿರಿಯರು ಹೆಣ ಎತ್ತಿಸಿದರು.

ಸ್ಮಶಾನದಿಂದ ಬಂದವರು ದೀಪ ನೋಡಿ ಹೊರಟರು. ಹೆಗಲು ಕೊಟ್ಟವರೆಲ್ಲ ರಾತ್ರಿ ಪಾಳಿಯವರು, ನಿನ್ನೆಯಿಂದ ನಿದ್ದೆಯಿಲ್ಲದವರು. ಸದ್ದಿಲ್ಲದ ಬೀದಿಯಲ್ಲಿ, ಸಿಕ್ಕ ಸಿಕ್ಕ ಜಗಲಿಗಳ ಮೇಲೆ ಮಲಗಿಬಿಟ್ಟರು.

ಸೂತಕದವಳು ಹೊಸಿಲು ದಾಟಬೇಡ ಎಂದು ಹೆಂಗಸರು ಕೂಗುತ್ತಿದ್ದಂತೆ ಅಕ್ಕಯ್ಯಮ್ಮ ಬೀದಿಗಿಳಿದಳು. ರಾಜೇಂದ್ರನ ಭುಜ ಹಿಡಿದು ಅಲ್ಲಾಡಿಸಿದಳು.

"ಎದ್ದೇಳೋ!"

"ಮಲ್ಗಿದ್ದೆ ಕಣಕ್ಕಾ," ಅವನು ಗಾಬರಿಯಿಂದ ಎದ್ದು ಕೂತ.

ಅವಳು ಆಗಲೇ ಪಕ್ಕದ ಜಗಲಿಗೆ ಹೋಗಿದ್ದಳು. ಅಲ್ಲಿಂದ ಅದರ ಪಕ್ಕದ್ದಕ್ಕೆ. "ಎದ್ದೇಳ್ರಪ್ಪಾ, ಎದ್ದೇಳ್ರೋ..."

ಬೀದಿಯುದ್ದಕ್ಕೂ ಗಂಡಸರು ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಂಡು ಎದ್ದು ಕೂತರು. ಒಬ್ಬರೂ ಬೈಯಲಿಲ್ಲ.