ನೂಲೆಳೆ ಮೇಸ್ತ್ರಿಯ ಬಾಡಿಗೆ ಮನೆ

ನೂಲೆಳೆ ಮೇಸ್ತ್ರಿ ಕೂರಿಸಿದ ಬಾಗಿಲಿನ ಸಂದಿಯಲ್ಲಿ ನೂಲಿನ ಎಳೆಯೂ ತೂರುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಹೆಸರಿಟ್ಟವರು ಹೊಗಳಿದ್ದರೋ ಗೇಲಿ ಮಾಡಿದ್ದರೋ, ಮೇಸ್ತ್ರಿ ಮಾತ್ರ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದರು.

ಅವತ್ತು ಬೆಳಿಗ್ಗೆ ಮರಗೆಲಸದ ಶೆಡ್ಡಿನಲ್ಲಿ ಕಿಟಕಿಯ ಚೌಕಟ್ಟೊಂದಕ್ಕೆ ಉಳಿ ಹಾಕುತ್ತಿದ್ದಾಗ ಗ್ಯಾಸ್ ರಿಪೇರಿಯವನ ಫೋನು ಬಂತು. ನಾಲ್ಕು ಬೀದಿ ಆಚೆ ಮೇಸ್ತ್ರಿಯದೇ ಇನ್ನೊಂದು ಮನೆಯಿತ್ತು. ಅದನ್ನು ಬಸ್ ಡ್ರೈವರೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಅಲ್ಲಿನ ಗ್ಯಾಸ್ ಗೀಸರ್ ತೋರಿಸಿ, ಸುರಕ್ಷತೆಯ ಫಾರಂಗೆ ಸಹಿ ಹಾಕುವುದು ಮಾಲೀಕರ ಜವಾಬ್ದಾರಿ.

"ಮಧ್ಯಾಹ್ನ ಬರ್ತೀನಿ ಮೇಸ್ತ್ರಿ. ಬಚ್ಚಲಮನೆ ವೆಂಟಿಲೇಟರ್ ತೆರೆದಿದೆ ತಾನೆ? ಹೋದ ವರ್ಷ ಹಾಗೇ ಬರೆದಿದ್ರಿ."

"ತೆರೆದೇ ಇದೆ. ಅದನ್ನೇ ಬರ್ಕೋ," ಎಂದು ಫೋನಿಟ್ಟರು.

ಉಳಿಗೆ ಎರಡು ಏಟು ಬಿತ್ತು. ಮೂರನೆಯದಕ್ಕೆ ಎತ್ತಿದ ಸುತ್ತಿಗೆ ಹಾಗೇ ನಿಂತುಬಿಟ್ಟಿತು.

ವೆಂಟಿಲೇಟರ್ ತೆರೆದಿರಲಿಲ್ಲ. ಹನ್ನೆರಡು ದಿನದ ಹಿಂದೆ ಅವರೇ ಮುಚ್ಚಿದ್ದರು. ಡ್ರೈವರನ ತಾಯಿ, ವಯಸ್ಸಾದ ಅಜ್ಜಿ, "ಸ್ನಾನಕ್ಕೆ ಕೂತ್ರೆ ತಣ್ಣನೆ ಗಾಳಿ ಬೆನ್ನಿಗೆ ಹೊಡೆಯುತ್ತಪ್ಪ" ಅಂದಿದ್ದೇ ತಡ, ಅಳತೆ ತೆಗೆದು, ಹಲಗೆ ಕೊಯ್ದು, ಅಂಚಿಗೆ ರಬ್ಬರ್ ಪಟ್ಟಿ ಒತ್ತಿ, ಹೊರಗಡೆಯಿಂದ ಬಿಗಿದಿದ್ದರು. ಆಮೇಲೆ ಒಳಗೆ ಬಂದು ಬೆಂಕಿಕಡ್ಡಿ ಗೀರಿ ಹಲಗೆಯ ಹತ್ತಿರ ಹಿಡಿದು, ಉರಿ ಒಂದಿಷ್ಟೂ ಅಲುಗಲಿಲ್ಲವೆಂದು ಮೀಸೆ ತಿರುವಿದ್ದರು. ಗೀಸರ್ ಅವರ ಕಿವಿಯ ಪಕ್ಕದಲ್ಲೇ ಇತ್ತು.

ಗ್ಯಾಸ್ ಉರಿದಾಗ ಬರುವ ವಿಷಗಾಳಿಗೆ ವಾಸನೆಯಿಲ್ಲ, ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗಿದ್ದವರ ಪ್ರಾಣವನ್ನೇ ತೆಗೆಯುತ್ತದೆ ಎಂದು ಆ ಫಾರಂನಲ್ಲೇ ಅಚ್ಚಾಗಿತ್ತು. ಆರು ವರ್ಷದಿಂದ ಅದರ ಕೆಳಗೆ ಸಹಿ ಹಾಕಿದ ಮಹಾನುಭಾವರು ಇವರೇ. ಕೈಗೊಂದು ಹಲಗೆ ಸಿಕ್ಕರೆ ಮೇಸ್ತ್ರಿಗೆ ಉಳಿದ ಲೋಕವೇ ಮರೆತುಹೋಗುತ್ತಿತ್ತು.

ಮೊನ್ನೆ ಅಂಗಡಿ ಮುಂದೆ ಸಿಕ್ಕಿದ್ದ ಅಜ್ಜಿ, "ಈಚೆಗೆ ಸ್ನಾನ ಆದ್ಮೇಲೆ ತಲೆ ಧಿಮ್ ಅನ್ನುತ್ತೆ" ಅಂದಿದ್ದರು. "ವಯಸ್ಸಾಯ್ತಲ್ಲಮ್ಮ" ಎಂದು ಮೇಸ್ತ್ರಿ ನಕ್ಕಿದ್ದರು. ಈಗ ಡ್ರೈವರನ ನಂಬರ್ ಒತ್ತಿದರು.

ಡ್ರೈವರ್ ಫೋನ್ ಎತ್ತಲಿಲ್ಲ. ಅಜ್ಜಿಗೆ ಫೋನೇ ಇರಲಿಲ್ಲ. ಗಂಟೆ ಹನ್ನೊಂದಾಗುತ್ತ ಬಂದಿತ್ತು, ಅದು ಅಜ್ಜಿಯ ಸ್ನಾನದ ಹೊತ್ತು.

ಮೇಸ್ತ್ರಿ ಓಡಿದರು. "ಚಪ್ಪಲಿನಾದ್ರೂ ಹಾಕ್ಕೊಳ್ರೀ" ಎಂದು ಹೆಂಡತಿ ಕೂಗಿದ್ದು ಬೆನ್ನ ಹಿಂದೆಯೇ ಉಳಿಯಿತು. ಅರವತ್ತೆರಡರ ಕಾಲು, ಮೊದಲ ಬೀದಿ ಮುಗಿಯುವಷ್ಟರಲ್ಲೇ ಏದುಸಿರು. ಎದುರು ಸಿಕ್ಕವರು "ಏನಾಯ್ತು ಮೇಸ್ತ್ರಿ?" ಅಂದರೂ ನಿಲ್ಲಲಿಲ್ಲ. ಸುತ್ತಿಗೆ ಇನ್ನೂ ಕೈಯಲ್ಲೇ ಇದೆಯೆಂದು ಗೊತ್ತಾದದ್ದು ಮೂರನೆಯ ಬೀದಿಯಲ್ಲಿ.

ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಸುಮ್ಮನೆ ಮುಂದಕ್ಕೆ ಎಳೆದಿದ್ದರು. ನುಗ್ಗಿದವರೇ ಅಡುಗೆಮನೆಯಲ್ಲಿ ಗ್ಯಾಸ್ ಬಂದ್ ಮಾಡಿ, ಬಚ್ಚಲಮನೆಯ ಬಾಗಿಲು ಬಡಿದರು. ಒಳಗೆ ನೀರು ಬೀಳುವ ಸದ್ದಿತ್ತು, ಮನುಷ್ಯರ ಸದ್ದಿರಲಿಲ್ಲ. ಭುಜ ಕೊಟ್ಟು ನೂಕಿದರು. ಬಾಗಿಲು ಜಗ್ಗಲಿಲ್ಲ. ಅದನ್ನು ಮಾಡಿದವರೂ ಇವರೇ, ಜಗ್ಗುವಂಥ ಬಾಗಿಲು ಅವರ ಕೈಯಿಂದ ಎಂದೂ ಹೊರಬಿದ್ದದ್ದಿಲ್ಲ.

ಮನೆಯ ಹಿಂದಕ್ಕೆ ಓಡಿ, ಬಟ್ಟೆ ಒಗೆಯುವ ಕಲ್ಲು ಹತ್ತಿ, ತಮ್ಮದೇ ಹಲಗೆಗೆ ಸುತ್ತಿಗೆ ಬೀಸಿದರು. ಐದನೆಯ ಏಟಿಗೆ ಅದು ಸೀಳಿತು. ಒಳಗಿನ ಬಿಸಿ ಹಬೆ ಮುಖಕ್ಕೆ ಬಡಿಯಿತು.

"ಅಮ್ಮಾ, ಚಿಲಕ ತೆಗೀರಿ. ಹೊರಗೆ ಬನ್ನಿ."

ಮೇಸ್ತ್ರಿ ಚೂರುಗಳನ್ನು ಬರಿಗೈಯಲ್ಲೇ ಕಿತ್ತರು. ಬಹಳ ಹೊತ್ತಿನ ಮೇಲೆ, ಬಾವಿಯೊಳಗಿಂದ ಬಂದ ಹಾಗೆ ಒಂದು ದನಿ:

"ಯಾರೋ ಅದು... ಹೆಂಗಸರು ಸ್ನಾನ ಮಾಡೋ ಕಡೆ ಇಣುಕೋನು?"

ಮೇಸ್ತ್ರಿ ಕಲ್ಲಿನ ಮೇಲೇ ಕುಸಿದು ಕೂತು ಅತ್ತರು. ಚಿಲಕ ಸರಿದ ಸದ್ದು ಕೇಳಿದ ಮೇಲೇ ಎದ್ದದ್ದು.

ಸುದ್ದಿ ಕೇಳಿ ಡ್ರೈವರ್ ಬರುವ ಹೊತ್ತಿಗೆ ಅಜ್ಜಿ ಸೀರೆ ಸುತ್ತಿಕೊಂಡು ಜಗಲಿಯಲ್ಲಿ ಒರಗಿದ್ದರು. ಗ್ಯಾಸ್ ರಿಪೇರಿಯವನೂ ಫಾರಂ ಹಿಡಿದು ಬಂದು ನಿಂತಿದ್ದ.

"ತಲೆಸುತ್ತು ಬಂದು ಕೂತ್ಬಿಟ್ಟಿದ್ದೆ ಕಣೋ. ಮೇಸ್ತ್ರಿ ದೇವರ ಹಾಗೆ ಬಂದ್ರು," ಎಂದರು ಅಜ್ಜಿ. "ಡಾಕ್ಟ್ರು ಗೀಕ್ಟ್ರು ಏನೂ ಬೇಡ. ವಯಸ್ಸು, ಅಷ್ಟೆ."

ಡ್ರೈವರ್ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡ. "ಈ ಉಪಕಾರ ಯಾವತ್ತೂ ಮರೆಯಲ್ಲ ಯಜಮಾನ್ರೇ."

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುಮ್ಮನಿದ್ದರೆ ಅಜ್ಜಿ ಡಾಕ್ಟರ ಹತ್ತಿರ ಹೋಗುವುದಿಲ್ಲ.

"ವಯಸ್ಸಲ್ಲ," ಎಂದರು ಮೇಸ್ತ್ರಿ. "ಗೀಸರಿನ ಗಾಳಿ. ಅದು ಹೋಗೋ ದಾರಿ ಮುಚ್ಚಿದ್ದು ನಾನು. ಹನ್ನೆರಡು ದಿನದಿಂದ ನಿಮ್ಮಮ್ಮ ಅದನ್ನೇ ಕುಡಿದಿದ್ದಾರೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪ, ಹೀಗೀಗಾಯ್ತು ಅಂತ ಹೇಳು."

ಡ್ರೈವರನ ಹಿಡಿ ಸಡಿಲವಾಯಿತು. ಅವನು ತಾಯಿಯನ್ನು ಎಬ್ಬಿಸಿ, ಆಟೋ ಕರೆಸಿ ಹತ್ತಿಸಿಕೊಂಡು ಹೊರಟ. ಹಿಂತಿರುಗಿ ನೋಡಲಿಲ್ಲ.

ಮೇಸ್ತ್ರಿ ಫಾರಂ ಇಸಿದುಕೊಂಡು, 'ತೆರೆದಿದೆ' ಎಂಬುದನ್ನು ಹೊಡೆದುಹಾಕಿ, 'ಮುಚ್ಚಿತ್ತು, ಮುಚ್ಚಿದವನು ನಾನೇ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಗರಗಸ ತರಿಸಿ, ಬಚ್ಚಲಮನೆಯ ಬಾಗಿಲನ್ನು ಕಳಚಿ, ಅದರ ಕೆಳಗಿನಿಂದ ಮೂರು ಬೆರಳಿನಷ್ಟು ಕೊಯ್ದರು. ಗೆರೆ ಎಳೆಯದೆ ಕೊಯ್ದ ಅಂಚು ಸೊಟ್ಟಗಾಯಿತು.

ಸಂಜೆ ಅಜ್ಜಿ ಆಸ್ಪತ್ರೆಯಿಂದ ಬಂದಾಗ ಮೇಸ್ತ್ರಿ ಇನ್ನೂ ಆ ಬಾಗಿಲ ಮುಂದೆ ನೆಲದ ಮೇಲೇ ಕೂತಿದ್ದರು. ಸೊಟ್ಟ ಸಂದಿಯಲ್ಲಿ ಅಂಗೈ ಇಟ್ಟು, ಗಾಳಿ ಬರುತ್ತಿದೆಯೇ ಎಂದು ನೋಡುತ್ತಿದ್ದರು.