ಉಡಿಯೊಳಗಿನ ತೆಂಗಿನಕಾಯಿ

ಗಂಗೂಬಾಯಿ ಮೊದಲ ಸಲ ಹೇಳಿದಾಗ ಆ ಬೀಳುವ ನೀರು ಆಳಿನ ತೊಡೆಯಷ್ಟು ದಪ್ಪ ಇತ್ತು. ಮಗ ರವಿಕಿರಣ ಸಾಲಿ ಕಲಿಯುವ ಹೊತ್ತಿಗೆ ಆಲದ ಬೊಡ್ಡೆಯಷ್ಟಾಯಿತು. ಅವನ ಮದುವೆಯಲ್ಲಿ ಬೀಗರ ಮುಂದೆ ಹೇಳುವಾಗ ಅದರ ಕೆಳಗೆ ಆನೆ ನಿಂತು ಮೈ ತೊಳೆದುಕೊಳ್ಳಬಹುದಿತ್ತು. ಗಂಗೂಬಾಯಿ ದಬದಬಿಯ ಕಥೆ ತೆಗೆದಳೆಂದರೆ ಗಂಡ ಮಲ್ಲಿಕಾರ್ಜುನ ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತ ಹೂಂಗುಟ್ಟುತ್ತಿದ್ದ. ಅವನ ನೆನಪಿನಲ್ಲಿ ಅದು ಹೆಣ್ಣುಮಗಳ ಜಡೆಯಷ್ಟೇ ದಪ್ಪ ಇತ್ತು. ಆದರೆ ಅದನ್ನು ಅವನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ.

ಎತ್ತರದಿಂದ ಬೀಳುವ ನೀರಿಗೆ ಗಂಗೂಬಾಯಿಯ ತವರಿನ ಕಡೆ ದಬದಬಿ ಅನ್ನುತ್ತಾರೆ. ಬಸುರಿಗೆ ಏಳು ತಿಂಗಳು ತುಂಬಿ ಕುಬಸ ಮಾಡುವ ಮೊದಲು, ಅಂದರೆ ಅವಳ ಉಡಿ ತುಂಬುವ ಮೊದಲು, ನೀರಿನ ತಾಯಿ ಗಂಗವ್ವನ ಉಡಿ ತುಂಬಬೇಕು ಅನ್ನುವುದು ಆ ಮನೆಯ ಪದ್ಧತಿ. ಅದೂ ನಿಂತ ನೀರು ನಡೆಯದು, ಬೀಳುವ ನೀರೇ ಬೇಕು. ಮಲ್ಲಿಕಾರ್ಜುನನಿಗೆ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ನೌಕರಿಯಾಗಿ ಇಬ್ಬರೂ ಹೈದರಾಬಾದಿಗೆ ಬಂದು ಉಪ್ಪಲ್ ಕಡೆ ಮನೆ ಹಿಡಿದ ಹೊಸತು. ರವಿಕಿರಣ ಹೊಟ್ಟೆಯಲ್ಲಿದ್ದ. ತವರಿಗೆ ಹೋಗಲು ರಜೆ ಸಿಗಲಿಲ್ಲ. ಶ್ರೀಶೈಲದ ದಾರಿಯಲ್ಲಿ ಬಸ್ಸಿಳಿದು ಕಾಡಿನೊಳಗೆ ಸ್ವಲ್ಪ ನಡೆದರೆ ನೀರು ಬೀಳುತ್ತದೆ ಅಂತ ಯಾರೋ ಹೇಳಿದರು. ಹೋದರು. ಒಬ್ಬ ಎಮ್ಮೆ ಕಾಯುವವನನ್ನು ಬಿಟ್ಟರೆ ಅಲ್ಲಿ ನರಪಿಳ್ಳೆ ಇರಲಿಲ್ಲ. ಉಡಿ ತುಂಬಿ, ಹುಣಸೆಮರದ ಕೆಳಗೆ ಬುತ್ತಿ ಉಂಡು ಬಂದರು.

ಈಗ ಸೊಸೆಯ ಸರದಿ. ಮಾನಸಾ ವರಂಗಲ್ಲಿನ ತೆಲುಗು ಹುಡುಗಿ. ಮಣಿಕೊಂಡದ ಮನೆಗೆ ಅತ್ತೆ ಬಂದಾಗಲೆಲ್ಲ ಅವಳ ಬಾಯಿಂದ ಕನ್ನಡ ಕಲಿತು, ಈಗ ಅತ್ತೆಯ ಹಾಗೆಯೇ ಮಾತಾಡುತ್ತಿದ್ದಳು. ಹಿಂದಿನ ಸಲ ಬಸುರಾದಾಗ ದಬದಬಿಯ ಮಾತು ಬಂದಿತ್ತು. ಅಷ್ಟು ದೂರ ಯಾಕೆ ಅತ್ತಿ ಅಂತ ಮಾನಸಾ ನಕ್ಕಳು, ಗಂಗೂಬಾಯಿಯೂ ನಕ್ಕು ಉಡಿಗೆ ತಂದಿದ್ದ ತೆಂಗಿನಕಾಯಿಯನ್ನು ಚಟ್ನಿಗೆ ಒಡೆದಳು. ಕುಬಸವಾಯಿತು. ಮಗು ಉಳಿಯಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರೂ ಹೇಳಿದರು, ಗಂಗೂಬಾಯಿಯೂ ನೂರು ಸಲ ಹೇಳಿದಳು. ಆದರೂ ಈ ಸಲ ಏಳು ತುಂಬುತ್ತಲೇ ಮಾನಸಾ ತಾನಾಗಿ ಅತ್ತೆಯ ಪಕ್ಕ ಬಂದು ಕೂತಳು.

"ಅತ್ತಿ, ನಿಮ್ಮ ದಬದಬಿಗೆ ಹೋಗಿ ಬರೂಣು. ಅದು ಆಗೂತನಕ ಕುಬಸ ಮಾಡಿಸಿಕೊಳ್ಳಾಕ ನನಗ ಧೈರ್ಯ ಸಾಲವಲ್ದು."

ಡಾಕ್ಟರನ್ನು ಕೇಳಿಯೇ ಹೊರಟರು. ರವಿಕಿರಣ ದಾರಿಯುದ್ದಕ್ಕೂ ಕಾರನ್ನು ಎಮ್ಮೆಯ ನಡಿಗೆಯಲ್ಲಿ ಓಡಿಸಿದ.

ಕಾಡಿನ ಕಾಲುದಾರಿ ಇದ್ದಲ್ಲಿ ಈಗ ಡಾಂಬರು ರಸ್ತೆ, ಅದರ ತುದಿಗೆ ಕಮಾನು. ಕಮಾನಿನ ಮೇಲೆ ಗಂಗೂಬಾಯಿಯ ನಾಲಿಗೆ ಹೊರಳದ ಇಂಗ್ಲಿಷ್ ಹೆಸರು. ಬಂಬೂ ಚಿಕನ್ನಿನ ಹೊಗೆ, ಮ್ಯಾಗಿ ಅಂಗಡಿ, ಈಜುವ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ, ಫೋಟೋ ಹೊಡೆಸಿಕೊಳ್ಳಲು ಪ್ಲಾಸ್ಟಿಕ್ಕಿನ ನವಿಲು. ತಲೆಯ ಮೇಲೆ ತಂತಿಗೆ ಜೋತುಬಿದ್ದ ಜನ ಕಿರುಚುತ್ತ ಈ ಗುಡ್ಡದಿಂದ ಆ ಗುಡ್ಡಕ್ಕೆ ಹಾರುತ್ತಿದ್ದರು. ಮಲ್ಲಿಕಾರ್ಜುನ ಹುಣಸೆಮರವನ್ನು ಹುಡುಕಿದ. ಅದು ಮೈತುಂಬ ಸೀರಿಯಲ್ ದೀಪ ಸುತ್ತಿಸಿಕೊಂಡು, ಹೊತ್ತಿಗೆ ಮುಂಚೆ ಸಿಂಗಾರ ಮಾಡಿಸಿಕೊಂಡ ಮದುಮಗಳ ಹಾಗೆ ಮುಜುಗರಪಡುತ್ತ ನಿಂತಿತ್ತು.

ಗೇಟಿನಲ್ಲಿ ಕಾವಲಿನ ಹೆಣ್ಣುಮಗಳು ಚೀಲ ಬಿಚ್ಚಿಸಿದಳು. ಅಕ್ಕಿ, ಬೆಲ್ಲದ ಹೆಂಟೆ, ಉತ್ತತ್ತಿ, ಅರಿಷಿಣದ ಬೇರು, ಕುಂಕುಮದ ಭರಣಿ, ಖಣ, ತೆಂಗಿನಕಾಯಿ.

"ಬಯಟಿ ಫುಡ್ ಅಲೋ ಲೇದಮ್ಮಾ," ಅಂದಳು. ಹೊರಗಿನ ತಿನಿಸು ಒಳಗೆ ಬಿಡುವುದಿಲ್ಲ.

ಇದು ತಿನ್ನೋದಲ್ಲ, ಗಂಗವ್ವಗ ಉಡಿ ತುಂಬೋದು ಅಂತ ಗಂಗೂಬಾಯಿ ಕನ್ನಡದಲ್ಲಿ, ಹಿಂದಿಯಲ್ಲಿ, ಬಂದಷ್ಟು ತೆಲುಗಿನಲ್ಲಿ ಹೇಳಿದಳು. ಅಕ್ಕಿ ತಿನ್ನುವುದಲ್ಲವೇ, ಬೆಲ್ಲ ತಿನ್ನುವುದಲ್ಲವೇ ಅಂತ ಆಕೆ ಕೇಳಿದಳು. ಬೇಕಾದರೆ ಒಳಗೆ ಪೂಜೆಯ ಪಾಕೀಟು ಸಿಗುತ್ತದೆ ಅಂದಳು. ಮಾನಸಾ ತನ್ನ ತೆಲುಗಿನಲ್ಲಿ ಕೇಳಿಕೊಂಡಳು. ಆಕೆ ಸಿಟ್ಟೇನೂ ಮಾಡಲಿಲ್ಲ. ತಲೆಯ ಮೇಲಿದ್ದ ಕ್ಯಾಮೆರಾದ ಕಡೆ ಕಣ್ಣು ತೋರಿಸಿ, ತನ್ನ ನೌಕರಿಯ ಕಷ್ಟ ತಿಳಿಸಿದಳು.

ಗಂಗೂಬಾಯಿ ಚೀಲ ಎತ್ತಿಕೊಂಡು ಸೊಸೆಯ ಜೊತೆ ಕಾರಿನ ಹಿಂದೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಚೀಲವಿರಲಿಲ್ಲ. ಅವಳ ಕಾಲದ ಹೆಂಗಸರು ಹೊಲದಲ್ಲಿ ಹತ್ತಿ ಬಿಡಿಸುವಾಗ, ಸೊಪ್ಪು ಕೀಳುವಾಗ ಸೀರೆಯನ್ನು ಹೊಟ್ಟೆಯ ಮುಂದೆ ಮಡಚಿ ಸಿಕ್ಕಿಸಿ ಉಡಿ ಕಟ್ಟುತ್ತಿದ್ದರಲ್ಲ, ಹಾಗೆ ಕಟ್ಟಿದ್ದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿ ಎಲ್ಲ ಅದರೊಳಗೆ, ಮೇಲೆ ಸೆರಗು. ಹೊಟ್ಟೆ ಗೇಣು ಮುಂದೆ ಬಂದಿತ್ತು. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಬೆನ್ನು ಹಿಂದಕ್ಕೆ ಬಾಗಿಸಿ, ಬಸುರಿ ಸೊಸೆಯ ಪಕ್ಕ ಬಸುರಿಯ ನಡಿಗೆಯಲ್ಲೇ ಬಂದಳು.

"ಏನ ಇದು?" ಅಂದ ಮಲ್ಲಿಕಾರ್ಜುನ.

"ಏಳು ತಿಂಗಳ. ಸುಮ್ನ ನಡೀರಿ."

ಕಾವಲಿನವಳು ಮಾನಸಾಳ ಹೊಟ್ಟೆ ನೋಡಿದಳು. ಗಂಗೂಬಾಯಿಯ ಹೊಟ್ಟೆ ನೋಡಿದಳು. ಆಮೇಲೆ ಬೆಳ್ಳಗಾದ ಕೂದಲು ನೋಡಿದಳು. ಕೈಯಲ್ಲಿನ ತಪಾಸಣೆಯ ಕೋಲು ಗಂಗೂಬಾಯಿಯ ಮುಂದೆ ಆಡಿಸಿದರೆ, ಉಡಿಯೊಳಗಿನ ಹಿತ್ತಾಳೆಯ ಕುಂಕುಮದ ಭರಣಿಗೆ ಅದು ಕುಂಯ್ಗುಟ್ಟಿತು. ರವಿಕಿರಣ ಬೇರೆ ಕಡೆ ಮುಖ ಮಾಡಿ, ತಾನು ಇವರ ಪೈಕಿಯವನಲ್ಲ ಅನ್ನುವ ಹಾಗೆ ನಿಂತ. ಕಾವಲಿನವಳು ತುಟಿ ಕಚ್ಚಿಕೊಂಡಳು. ಕ್ಯಾಮೆರಾದ ಕಡೆ ಬೆನ್ನು ತಿರುಗಿಸಿ ಇಬ್ಬರ ಕೈಗೂ ಟಿಕೀಟಿನ ಕಾಗದದ ಪಟ್ಟಿ ಸುತ್ತಿ, ಒಳಗೆ ಮೆಟ್ಟಿಲುಗಳಿವೆ, ಇಂಥ ಹೊತ್ತಿನಲ್ಲಿ ಜೋಪಾನವಾಗಿ ಇಳಿಯಿರಿ ಅಂತ ಗಂಗೂಬಾಯಿಗೇ ಹೇಳಿದಳು.

ಇಳಿದು ನೋಡಿದರೆ ನೀರು ಅಂದರೆ ನೀರು. ಬಂಡೆಯ ಅಗಲಕ್ಕೂ ಬೆಳ್ಳಗೆ ಬೀಳುತ್ತಿತ್ತು. ಕೆಳಗೆ ಬಾಡಿಗೆಯ ಬಟ್ಟೆ ತೊಟ್ಟ ಜನ ಸ್ಪೀಕರಿನ ಹಾಡಿಗೆ ಕುಣಿಯುತ್ತಿದ್ದರು. ಗಂಗೂಬಾಯಿಯ ಮುಖ ಅರಳಿತು. ನಾ ಹೇಳಿರಲಿಲ್ಲೇನು ಅನ್ನುವ ಹಾಗೆ ಒಬ್ಬೊಬ್ಬರನ್ನಾಗಿ ನೋಡಿದಳು. ಮಲ್ಲಿಕಾರ್ಜುನನಿಗೆ ಮಾತ್ರ ಎಲ್ಲೋ ಲೆಕ್ಕ ತಪ್ಪಿದಂತಾಯಿತು. ಮಳೆಗಾಲ ಹೋಗಿ ಎಷ್ಟೋ ದಿನವಾಗಿತ್ತು. ಬರುವ ದಾರಿಯ ಹಳ್ಳಗಳೆಲ್ಲ ಬತ್ತಿ ಮರಳು ಕಾಣುತ್ತಿತ್ತು.

ಮೆಕ್ಕೆತೆನೆ ಸುಡುತ್ತಿದ್ದವನನ್ನು ಕೇಳಿದ. ಅವನು ಹೆಮ್ಮೆಯಿಂದ ಹೇಳಿದ. ಇದೆಲ್ಲ ಮೋಟರಿನ ನೀರು. ಕೆಳಗಿನ ಹೊಂಡದಿಂದ ಮೇಲಕ್ಕೆ ಎತ್ತುತ್ತಾರೆ, ಅದೇ ತಿರುಗಿ ಬೀಳುತ್ತದೆ, ಬೇಸಿಗೆಯಲ್ಲೂ ಕೊರತೆಯಿಲ್ಲ.

ಗಂಟು ಬಿಚ್ಚಲು ಹೋಗಿದ್ದ ಗಂಗೂಬಾಯಿಯ ಕೈ ಉಡಿಯ ಮೇಲೆ ಅಲ್ಲೇ ನಿಂತಿತು.

"ಮೋಟರಿನ ಗಂಗವ್ವಗ ನಾ ಉಡಿ ತುಂಬಂಗಿಲ್ಲ," ಅಂದಳು. "ಸ್ವಿಚ್ಚು ಹಾಕಿದ್ರ ಬರ್ತಾಳ, ತಗದ್ರ ಹೋಗ್ತಾಳ. ಅಂಥಾಕಿಗೆ ಕೂಸಿನ ಸಲುವಾಗಿ ಏನಂತ ಕೇಳ್ಲಿ?"

ನೀರು ಯಾವುದಾದರೇನು, ಮುಗಿಸಿ ಹೋಗೋಣ ಅಂತ ರವಿಕಿರಣ ಅಂದ. ಮಾನಸಾ ಕಲ್ಲಿನ ಬೆಂಚಿನ ಮೇಲೆ ಕೂತು ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹಿಂದಿನ ಸಲ ದವಾಖಾನೆಯಿಂದ ಬರುವಾಗ ಕಾರಿನಲ್ಲಿ ಹೇಗೆ ಕೂತಿದ್ದಳೋ ಹಾಗೆ. ಮಲ್ಲಿಕಾರ್ಜುನ ಅದನ್ನು ನೋಡಿದ. ಸ್ವಲ್ಪ ಹೊತ್ತು ಬಂಡೆಯ ಎಡಗಡೆಯ ಅಂಚನ್ನೇ ದಿಟ್ಟಿಸಿದ. ಮತ್ತೆ ತೆನೆ ಸುಡುವವನ ಹತ್ತಿರ ಹೋಗಿ, ಮೋಟರಿಗೆ ಬಿಡುವೇ ಇಲ್ಲವೇನು ಅಂತ ಕೇಳಿದ. ಊಟದ ಹೊತ್ತಿಗೆ ಬಂದ್ ಮಾಡುತ್ತಾರೆ, ಇಲ್ಲದಿದ್ದರೆ ಕಾದು ಸುಟ್ಟುಹೋಗುತ್ತದೆ ಅಂದ ಅವನು.

ಮಲ್ಲಿಕಾರ್ಜುನ ತೆನೆ ತಂದು ಎಲ್ಲರಿಗೂ ಕೊಟ್ಟ. "ಕುಂದ್ರೂಣು," ಅಂದ.

"ಯಾಕಪ್ಪಾ?" ಅಂದ ರವಿಕಿರಣ.

"ಕುಂದ್ರೂಣು. ಅಷ್ಟ."

ಕೂತರು. ಗಂಗೂಬಾಯಿಗೆ ಹೊಟ್ಟೆ ಇಳಿಸುವ ಹಾಗಿಲ್ಲ, ಅಲ್ಲೂ ಕ್ಯಾಮೆರಾ ಇತ್ತು. ಯಾರೋ ಹುಡುಗಿ ಪಾಪ ಅಂತ ಎದ್ದು ಜಾಗ ಬಿಟ್ಟಳು, ಆಮೇಲೆ ಮುಖ ನೋಡಿ ತನ್ನ ಗೆಳತಿಯನ್ನು ಚಿವುಟಿದಳು. ಮಾನಸಾಗೆ ಆ ಹೊತ್ತಿನಲ್ಲೂ ನಗು ಬಂತು.

ಮೋಟರು ನಿಂತಿತು. ಬೆಳ್ಳಗಿನ ನೀರು ತೆಳ್ಳಗಾಗಿ, ಹರಿದು, ಹನಿಯಾಗಿ ಮುಗಿಯಿತು. ಕರೀ ಬಂಡೆಯ ಮೇಲೆ ಪೈಪುಗಳ ಬಾಯಿ ಕಂಡವು. ಸ್ಪೀಕರೂ ನಿಂತಿತು. ಜನ ಒದ್ದೆ ಬಟ್ಟೆಯಲ್ಲೇ ಬಿರಿಯಾನಿಯ ಕಡೆ ನಡೆದರು. ಸದ್ದೆಲ್ಲ ಅಡಗಿದ ಮೇಲೆ ಎಡಗಡೆಯಿಂದ ಸಣ್ಣಗೆ ಒಂದು ಸಪ್ಪಳ ಕೇಳಿಸಿತು.

ಕಬ್ಬಿಣದ ಕಟಾಂಜನ ಮುಗಿಯುವಲ್ಲಿ, ಫೋಟೋದಲ್ಲಿ ಬರುವುದಿಲ್ಲವೆಂದು ಯಾರೂ ನಿಲ್ಲದ, ಕ್ಯಾಮೆರಾವೂ ಇಲ್ಲದ ಮೂಲೆಯಲ್ಲಿ, ಅತ್ತಿಮರದ ಬೇರಿನ ಸಂದಿಯಿಂದ ಒಂದು ನೀರು ಬೀಳುತ್ತಿತ್ತು. ಹೆಣ್ಣುಮಗಳ ಜಡೆಯಷ್ಟು ದಪ್ಪ.

ಗಂಗೂಬಾಯಿ ಎದ್ದು ಹೋಗಿ ಅದರ ಮುಂದೆ ಬಹಳ ಹೊತ್ತು ನಿಂತಳು. ಆ ಬೇರಿನ ಕೆಳಗಿನ ಕಲ್ಲು ಅವಳಿಗೆ ಗುರುತು ಹತ್ತಿತು.

"ಅವಾಗೂ ಇಷ್ಟ ಇತ್ತೇನ್ರಿ?"

ಮಲ್ಲಿಕಾರ್ಜುನ ಕೆಮ್ಮಿದ. "ಒಂದೀಟು ದೊಡ್ಡದಿತ್ತು."

"ಸುಳ್ಳು ಹೇಳಬ್ಯಾಡ್ರಿ. ಇಷ್ಟ ಇತ್ತು." ಆಮೇಲೆ ಮೆಲ್ಲಗೆ, "ಇಷ್ಟರಾಗ ನಿಮ್ಮ ಮಗ ಹುಟ್ಟಿ ಬಂದ," ಅಂದಳು.

ಉಡಿ ಬಿಚ್ಚಿ ಸೊಸೆಯನ್ನು ಕರೆದಳು. ಒದ್ದೆ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿಸಿದಳು, ಖಣ ಹಾಸಿದಳು. ಮಾನಸಾ ಮುಷ್ಟಿ ಮುಷ್ಟಿಯಾಗಿ ಅಕ್ಕಿ ಸುರಿದಳು, ಉತ್ತತ್ತಿ ಇಟ್ಟಳು, ಕಾಯಿ ಇಟ್ಟಳು. ನೀರಿಗೆ ಕೈಯೊಡ್ಡಿದಳು, ತೆಗೆಯಲೇ ಇಲ್ಲ.

"ಏನಂತ ಬೇಡಿಕೊಳ್ಳಲಿ ಅತ್ತಿ?"

"ಬಾಯಿಬಿಟ್ಟು ಏನ ಹೇಳ್ತಿ? ನನ್ನ ಹೆಸರಿನಾಕಿ ಅದಾಳ, ಆಕಿಗೆ ತಿಳೀತೈತಿ."

ಮಾನಸಾ ಅತ್ತೆಯ ಹೆಗಲಿಗೆ ಹಣೆ ಹಚ್ಚಿ ಅತ್ತಳು, ಬಹಳ ಹೊತ್ತಲ್ಲ. ಅತ್ತು ಮುಗಿದ ಮೇಲೆ ಹಸಿವೆಯಾಗಿದೆ ಅಂದಳು. ಗಂಗವ್ವ ಎಲ್ಲಾ ತಾನೇ ಇಟ್ಟುಕೊಳ್ಳುವುದಿಲ್ಲ, ತಿರುಗಿ ಕೊಡುತ್ತಾಳೆ. ಕಾಯಿ, ಬೆಲ್ಲ, ಹಿಡಿ ಅಕ್ಕಿಯನ್ನು ಗಂಗೂಬಾಯಿ ಸೊಸೆಯ ಸೆರಗಿಗೆ ಹಾಕಿದಳು.

ಹೊರಗೆ ಬರುವಾಗ ಕಾವಲಿನವಳು ಅಲ್ಲೇ ಇದ್ದಳು. ಗಂಗೂಬಾಯಿಯ ಇಳಿದ ಹೊಟ್ಟೆ ನೋಡಿದಳು. ಮುಖದಲ್ಲಿ ನಗುವಿನ ಸುಳಿವಿಲ್ಲದೆ ಕೇಳಿದಳು, "ಡೆಲಿವರಿ ಅಯಿಂದಾ ಅಮ್ಮಾ?"

"ಆತವ್ವ," ಅಂದಳು ಗಂಗೂಬಾಯಿ. "ಹೆಣ್ಣು."

ಸೊಸೆಯ ಸೆರಗಿನಿಂದ ಬೆಲ್ಲ ಮುರಿದು ಆಕೆಯ ಕೈಗಿಟ್ಟಳು. ಆಕೆ ಬೆಲ್ಲ ನೋಡಿ ಕ್ಯಾಮೆರಾ ನೋಡಿದಳು.

"ತಿನ್ನವ್ವ. ಈಗ ಇದು ಒಳಗಿಂದು ಐತಿ, ಹೊರಗಿಂದಲ್ಲ."

ಮಾನಸಾ ಅದನ್ನು ತೆಲುಗಿನಲ್ಲಿ ಹೇಳಿದಳು. ಕಾವಲಿನವಳು ಕ್ಯಾಮೆರಾದ ಕಡೆ ಬೆನ್ನು ತಿರುಗಿಸಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು.